ಶಿವಡಿಗೆ ಬಂದ ಗೋವಿನಜೋಳ

ಮುಂಬಯಿಯಲ್ಲಿ ಬಿಡಾರ ಹೂಡಿದ ಕನ್ನಡಿಗನಿಗೆ ತಪ್ಪಿಸಿಕೊಳ್ಳಲಾಗದ ಕರ್ತವ್ಯವೊಂದುಂಟು. ಅದೆಂದರೆ, ಊರಿನಿಂದ ಬಂದ ನೆಂಟರಿಗೆ ಪಟ್ಟಣ ತೋರಿಸುವುದು. ಗೇಟ್‌ವೇ, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ರಾಣಿ ಬಾಗ್, ಕಡೆಗೆ ಜುಹೂವಿನ ಮರಳಿನಲ್ಲಿ ಒಂದು ತಟ್ಟೆ ಭೇಳ್. ಇಷ್ಟಾದರೆ ನೆಂಟರೂ ತೃಪ್ತರು, ನಾವೂ ಕೃತಾರ್ಥರು. ಹದಿನಾಲ್ಕು ವರ್ಷಗಳ ಡೊಂಬಿವಲಿ ವಾಸದಲ್ಲಿ ನಾವು ಈ ಯಾತ್ರೆಯನ್ನು ಎಷ್ಟು ಸಲ ಮಾಡಿಸಿದ್ದೇವೆಂದು ಲೆಕ್ಕವಿಟ್ಟಿಲ್ಲ. ಆದರೆ 2024ರ ಫೆಬ್ರವರಿಯಲ್ಲಿ ಬಂದ ನಮ್ಮ ಸೋದರಮಾವನವರು ಮಾತ್ರ ಈ ಪಟ್ಟಿಯನ್ನೇ ಪಕ್ಕಕ್ಕೆ ಸರಿಸಿಬಿಟ್ಟರು.

ರಾಣೇಬೆನ್ನೂರಿನ ಬಳಿಯ ಹಳ್ಳಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದವರು, ಖಡಕ್ ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿಯ ಡಬ್ಬಿಯನ್ನೂ ನಮ್ಮ ಮನೆಯಾಕೆಯ ಕೈಗೆ ಕೊಟ್ಟು, ಚಹಾದ ಬಟ್ಟಲು ಕೆಳಗಿಡುವ ಮೊದಲೇ ಹೇಳಿದರು:

“ತಮ್ಮಾ, ನನಗ ಗೇಟ್‌ವೇ ಬ್ಯಾಡ, ಚೌಪಾಟಿ ಬ್ಯಾಡ. ಶಿವಡಿ ಅಂತ ಒಂದು ಊರು ಐತಂತಲ್ಲ, ಅಲ್ಲಿಗೆ ಕರಕೊಂಡು ಹೋಗು. ನಮ್ಮ ಗೋವಿನಜೋಳ ಅಲ್ಲಿ ನಿಂತೈತಿ.”

ಗೋವಿನಜೋಳವೆಂದರೇನೆಂದು ಮೈಸೂರು ಕಡೆಯ ಓದುಗರು ಕೇಳಬಹುದು. ಅವರ ಮುಸುಕಿನ ಜೋಳ, ಪಠ್ಯಪುಸ್ತಕದ ಮೆಕ್ಕೆಜೋಳ, ನಮ್ಮ ಮರಾಠಿ ನೆರೆಯವರ ಮಕಾ, ಮಳೆಗಾಲದ ಸಂಜೆ ಕೆಂಡದಲ್ಲಿ ಸುಟ್ಟು ನಿಂಬೆ ಖಾರ ಸವರಿ ಕೊಡುವ ಭುಟ್ಟಾ, ಇವೆಲ್ಲವೂ ಒಂದೇ. ಅಮೆರಿಕ ಖಂಡದಲ್ಲಿ ಹುಟ್ಟಿದ ಈ ಪೈರು ಪೋರ್ಚುಗೀಸರ ಕಾಲದಲ್ಲಿ ನಮ್ಮ ಕಡೆಗೆ ಬಂದಿತೆಂದು ಬಹುಮಂದಿ ವಿದ್ವಾಂಸರ ಮತ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಇದರ ತೆನೆಯೇ ಎಂದು ವಾದಿಸಿದವರೂ ಉಂಟು, ಅಲ್ಲವೆಂದವರೂ ಉಂಟು. ಆ ವ್ಯಾಜ್ಯದ ತೀರ್ಪು ನಮ್ಮಂಥ ಗುಮಾಸ್ತರ ಕೆಲಸವಲ್ಲ.

ಮಾವನವರ ವ್ಯಾಜ್ಯ ಬೇರೆ. ಅವರ ಹಳ್ಳಿಯ ಸುಮಾರು ನಲವತ್ತು ರೈತರು ಒಂದು ಸಣ್ಣ ಬೀಜದ ಕಂಪನಿಗೆ ಕರಾರಿನ ಮೇಲೆ ಹೈಬ್ರಿಡ್ ಗೋವಿನಜೋಳದ ಬೀಜ ಬೆಳೆದುಕೊಟ್ಟಿದ್ದರು. ಬೀಜ ಬೆಳೆಯುವುದೆಂದರೆ ಕಾಳು ಬೆಳೆದಂತಲ್ಲ. ಹೊಲದಲ್ಲಿ ಹೆಣ್ಣು ಸಾಲುಗಳು ಬೇರೆ, ಗಂಡು ಸಾಲುಗಳು ಬೇರೆ. ಹೆಣ್ಣು ಸಾಲಿನ ಸೂಲಂಗಿಯನ್ನು ಪರಾಗ ಉದುರುವ ಮೊದಲೇ ಗಿಡ ಗಿಡಕ್ಕೂ ಹೋಗಿ ಕಿತ್ತು ಹಾಕಬೇಕು. ಒಂದು ದಿನ ಉದಾಸೀನ ಮಾಡಿದರೆ ಬೀಜವೆಲ್ಲ ಬೆರಕೆ. ಅಕ್ಕಪಕ್ಕದಲ್ಲಿ ಕನಿಷ್ಠ 200 ಮೀಟರ್ ದೂರದವರೆಗೆ ಬೇರೆ ಗೋವಿನಜೋಳ ಇರಕೂಡದು. ಇಷ್ಟು ನಿಷ್ಠೆಯಿಂದ ಮಾಡಿದರೆ ಕಾಳಿಗಿಂತ ಒಳ್ಳೆಯ ಬೆಲೆ. ಆ ಬೀಜವನ್ನು ಪೂರ್ವ ಆಫ್ರಿಕದ ಒಂದು ದೇಶಕ್ಕೆ ಬಿತ್ತನೆಗಾಗಿ ಕಳುಹಿಸಲು ಕಂಪನಿ ಒಪ್ಪಂದ ಮಾಡಿಕೊಂಡಿತ್ತು. ಒಂದು ಕಂಟೇನರಿನಷ್ಟು ಮಾಲು ಕಳಂಬೋಲಿಯ ಗೋದಾಮಿಗೆ ಬಂದು ನಿಂತಿತ್ತು. ಹಡಗು ನ್ಹಾವಾ ಶೇವಾದಿಂದ ಹೊರಡಬೇಕು. ಹೊರಡಲು ಒಂದು ಕಾಗದ ಬೇಕು. ಆ ಕಾಗದ ಸಿಕ್ಕುತ್ತಿಲ್ಲ. ಕಾಗದ ಸಿಕ್ಕದೆ ಕಂಪನಿಗೆ ಹಣ ಬಾರದು, ಕಂಪನಿಗೆ ಹಣ ಬಾರದೆ ನಲವತ್ತು ಮನೆಗಳಿಗೆ ಉಳಿದ ಬಾಕಿ ಬಾರದು. ಮಾವನವರ ಮನೆಯಲ್ಲಿ ಏಪ್ರಿಲ್ ತಿಂಗಳಿಗೆ ಮಗಳ ಮದುವೆ ನಿಶ್ಚಯವಾಗಿತ್ತು.

ಊರವರು ಕೂಡಿ ಮಾವನವರನ್ನು ಮುಂಬಯಿಗೆ ಕಳುಹಿಸಿದ್ದಕ್ಕೆ ಕಾರಣ ನಾವು. ಹಳ್ಳಿಯವರ ಕಣ್ಣಿನಲ್ಲಿ ಸರಕಾರವೆಂದರೆ ಒಂದೇ ಮನೆ. ಅದರ ಯಾವ ಕೋಣೆಯಲ್ಲಿ ಕುಳಿತವನಾದರೂ ಉಳಿದ ಕೋಣೆಗಳ ಕೀಲಿಕೈಯೆಲ್ಲ ಅವನ ಸೊಂಟದಲ್ಲಿ ಇರುತ್ತದೆಂದು ಅವರ ನಂಬಿಕೆ. ನಮ್ಮ ಕೋಣೆಯ ಕಿಟಕಿಯ ಕೀಲಿಯೂ ನಮ್ಮ ಹತ್ತಿರ ಇಲ್ಲವೆಂದು ಹೇಳಿದರೆ ಕೇಳುವವರಾರು? ಅಂತೂ ಒಂದು ದಿನದ ರಜೆ ಬರೆದುಕೊಟ್ಟು ಹೊರಟೆವು.

ಡೊಂಬಿವಲಿಯಿಂದ ಸ್ಲೋ ಗಾಡಿ ಹಿಡಿದು ಕುರ್ಲಾದಲ್ಲಿ ಇಳಿದೆವು. ಮಾವನವರ ಧೋತರದ ಚುಂಗು ಜನಜಂಗುಳಿಯಲ್ಲಿ ಸಿಕ್ಕದಂತೆ ಕಾಯುತ್ತ ಸೇತುವೆ ಏರಿ ಹಾರ್ಬರ್ ಲೈನಿನ ಪ್ಲಾಟ್‌ಫಾರಂ ಸೇರಿದೆವು. ಹಾರ್ಬರ್ ಲೈನ್ ಎಂದರೆ ಮುಂಬಯಿಯ ಮಲಮಗಳು. ವೆಸ್ಟರ್ನ್, ಸೆಂಟ್ರಲ್ ಲೈನುಗಳ ಬಿಂಕ ಅದಕ್ಕಿಲ್ಲ. ಚುನಾಭಟ್ಟಿ, ಗುರು ತೇಗ್ ಬಹಾದೂರ್ ನಗರ, ವಡಾಲಾ ದಾಟಿದರೆ ಶಿವಡಿ. ವಡಾಲಾದಲ್ಲಿ ನಮ್ಮವರ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇದೆಯೆಂದು ತಿಳಿಸಿದಾಗ ಮಾವನವರ ಮುಖ ಒಂದು ಕ್ಷಣ ಅರಳಿತು. “ಹಂಗಾದ್ರ ಇಲ್ಲೂ ನಮ್ಮ ಮಂದಿ ಅದಾರ ಅಂದಂಗಾತು” ಎಂದರು.

ಶಿವಡಿಯಲ್ಲಿ ಪೂರ್ವಕ್ಕೆ ಇಳಿದರೆ ಸಿನೆಮಾದವರು ತೋರಿಸುವ ಮುಂಬಯಿ ಅಲ್ಲ. ಲಾರಿಗಳ ಸಾಲು, ಹಳೆಯ ಗೋದಾಮುಗಳು, ತೈಲದ ವಾಸನೆ, ಅದರೊಳಗೆ ಬೆರೆತ ಸಮುದ್ರದ ಕೆಸರಿನ ವಾಸನೆ. ಇಂಗ್ಲಿಷರು 1680ರಲ್ಲಿ ಕಾವಲಿಗಾಗಿ ಕಟ್ಟಿದ ಸಣ್ಣ ಕೋಟೆಯೊಂದು ಗುಡ್ಡದ ಮೇಲೆ ಇನ್ನೂ ನಿಂತಿದೆ. ಹಿಂದಿನ ತಿಂಗಳು, ಜನವರಿ 12ರಂದು, ಉದ್ಘಾಟನೆಯಾಗಿದ್ದ ಅಟಲ್ ಸೇತು ಇಲ್ಲಿಂದಲೇ ಸಮುದ್ರದ ಮೇಲೆ ಹಾಯ್ದು ಸುಮಾರು 22 ಕಿಲೋಮೀಟರ್ ಆಚೆಯ ದಡ ಮುಟ್ಟುತ್ತದೆ. ಕಾವಲಿನ ಕೋಟೆಗೆ ಈಗ ಕೆಲಸವಿಲ್ಲ. ಆದರೆ ಕಾವಲು ಶಿವಡಿಯನ್ನು ಬಿಟ್ಟು ಹೋಗಿಲ್ಲ. ಹಾಜಿ ಬಂದರ್ ರಸ್ತೆಯಲ್ಲಿ ಕೇಂದ್ರ ಸರಕಾರದ ಪ್ರಾದೇಶಿಕ ಸಸ್ಯ ಕ್ವಾರಂಟೈನ್ ಕೇಂದ್ರವಿದೆ. ನಮ್ಮನ್ನು ಏಜೆಂಟರು ಬರಹೇಳಿದ್ದು ಅಲ್ಲಿಗೇ.

ಕ್ವಾರಂಟೈನ್ ಎಂಬ ಮಾತನ್ನು 2020ರ ನಂತರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯನಿಗಿರುವಂತೆ ಗಿಡಕ್ಕೂ ಅದು ಉಂಟು, ಮುಂಬಯಿ ಬಂದರಿನಲ್ಲಿ ಬಹಳ ಹಿಂದಿನಿಂದ ಉಂಟು. ಶಿವಡಿಯ ಮುಂದಿನ ನಿಲ್ದಾಣ ಕಾಟನ್ ಗ್ರೀನ್. ಹೆಸರೇ ಹೇಳುವಂತೆ ಅದು ಹತ್ತಿಯ ಪೇಟೆಯಾಗಿದ್ದ ಸ್ಥಳ. ಮೆಕ್ಸಿಕೋದ ಹತ್ತಿಕಾಯಿ ಮೂತಿಹುಳು ಅಮೆರಿಕದ ಹೊಲಗಳನ್ನು ಹಾಳುಗೆಡಹುತ್ತಿದ್ದ ಕಾಲವದು. ಆ ಹುಳು ಹತ್ತಿಯ ಮೂಟೆಯಲ್ಲಿ ಕುಳಿತು ಇಲ್ಲಿಗೂ ಬಂದೀತೆಂದು ಹೆದರಿ, 1906ರಲ್ಲಿಯೇ ಹೊರಗಿನಿಂದ ಬರುವ ಹತ್ತಿಗೆ ವಿಷದ ಹೊಗೆ ಹಾಕಿ ಶುದ್ಧಿಮಾಡುವುದನ್ನು ಕಡ್ಡಾಯಗೊಳಿಸಿದರು. 1914ರಲ್ಲಿ ವಿನಾಶಕಾರಿ ಕೀಟಗಳ ಕಾಯಿದೆ ಬಂದಿತು. ಇಂದು ಬೀಜ, ಗಿಡ, ಹಣ್ಣು ಹೊರಗಿನಿಂದ ಬರಬೇಕಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ನಡೆಯಬೇಕು. ಆ ಹತ್ತಿಯ ಹುಳು ಮಾತ್ರ ಇಂದಿಗೂ ಭಾರತದಲ್ಲಿ ನೆಲೆಯೂರಿಲ್ಲ. ಬಾರದೆ ಹೋದ ಶತ್ರುವಿಗೆ ಚರಿತ್ರೆಯಲ್ಲಿ ಹೆಸರಿಲ್ಲ. ಕಾವಲುಗಾರನಿಗೂ ಇಲ್ಲ.

ಕಚೇರಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಮಾತನಾಡಿದವರು ಮಧ್ಯವಯಸ್ಸಿನ ಮರಾಠಿ ಅಧಿಕಾರಿ. ಮಾವನವರನ್ನು ‘ಕಾಕಾ’ ಎಂದು ಕರೆದು ನೀರು ತರಿಸಿಕೊಟ್ಟರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾವು ಕನ್ನಡಿಸುತ್ತ ಹೋದೆವು. ನಮಗೂ ಅದೆಲ್ಲ ಹೊಸ ಪಾಠವೇ.

ಬೇಕಾಗಿದ್ದ ಕಾಗದದ ಹೆಸರು ಫೈಟೋಸ್ಯಾನಿಟರಿ ಸರ್ಟಿಫಿಕೇಟು, ಅಂದರೆ ಸಸ್ಯ ಆರೋಗ್ಯ ಪ್ರಮಾಣಪತ್ರ. ನೋಡಲು ಒಂದೇ ಹಾಳೆ. ಆದರೆ ಗುಮಾಸ್ತನ ಕಣ್ಣಿಗೆ ಅದು ಸಾಮಾನ್ಯ ಹಾಳೆಯಲ್ಲ. ಅದು ವ್ಯಾಪಾರಿ ವ್ಯಾಪಾರಿಗೆ ಬರೆದ ಪತ್ರವಲ್ಲ. ಒಂದು ದೇಶದ ಸಸ್ಯ ಸಂರಕ್ಷಣ ಇಲಾಖೆ ಇನ್ನೊಂದು ದೇಶದ ಸಸ್ಯ ಸಂರಕ್ಷಣ ಇಲಾಖೆಗೆ ಬರೆದುಕೊಟ್ಟ ಮಾತು. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣ ಒಪ್ಪಂದದಲ್ಲಿ ಅದರ ಮಾದರಿ ಇದೆ. ಇಂದು 180ಕ್ಕೂ ಹೆಚ್ಚು ದೇಶಗಳು ಆ ಒಪ್ಪಂದಕ್ಕೆ ಸೇರಿವೆ. ಕಳುಹಿಸುವವನು ಯಾರು, ಪಡೆಯುವವನು ಯಾರು, ಎಷ್ಟು ಚೀಲ, ಚೀಲದ ಮೇಲಿನ ಗುರುತೇನು, ಬೆಳೆದ ಸ್ಥಳ ಯಾವುದು, ಯಾವ ಬಂದರಿನಲ್ಲಿ ಇಳಿಯುತ್ತದೆ ಎಂಬುದೆಲ್ಲ ಅದರಲ್ಲಿ ಬರಬೇಕು. ಪೈರಿಗೆ ಅಲ್ಲಿ ಗೋವಿನಜೋಳವೂ ಇಲ್ಲ, ಮಕಾವೂ ಇಲ್ಲ. ‘ಜಿಯಾ ಮೇಸ್’ ಎಂಬ ಲ್ಯಾಟಿನ್ ಹೆಸರೊಂದೇ. ಒಂದು ಅಕ್ಷರ ತಿದ್ದಿ ಸಹಿ ಮುದ್ರೆ ಇಲ್ಲದೆ ಬಿಟ್ಟರೂ ಆಚೆಯ ಬಂದರಿನಲ್ಲಿ ಮಾಲು ನಿಲ್ಲುತ್ತದೆ.

ಮೊಳಕೆಯ ಪರೀಕ್ಷೆಯ ಕಾಗದ ಮಾವನವರ ಚೀಲದಲ್ಲಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಪ್ರಮಾಣಿತ ಹೈಬ್ರಿಡ್ ಬೀಜಕ್ಕೆ ನೂರಕ್ಕೆ 90 ಮೊಳಕೆ ಬರಬೇಕೆಂಬುದು ನಮ್ಮ ದೇಶದ ಕಟ್ಟಳೆ. ಅವರದು ಅದಕ್ಕಿಂತ ಮೇಲಿತ್ತು. ಅಧಿಕಾರಿ ತಲೆದೂಗಿ, “ಬೀಜ ಉತ್ತಮವಾಗಿದೆ ಕಾಕಾ. ಆದರೆ ಹುಟ್ಟುವ ಶಕ್ತಿ ಬೇರೆ, ಆರೋಗ್ಯ ಬೇರೆ. ಚೆನ್ನಾಗಿ ಹುಟ್ಟುವ ಬೀಜ ರೋಗವನ್ನೂ ಚೆನ್ನಾಗಿ ಒಯ್ಯುತ್ತದೆ” ಎಂದರು.

ತಿನ್ನುವ ಕಾಳಿಗೂ ಬಿತ್ತುವ ಬೀಜಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ. ಕಾಳು ಗಿರಣಿಗೆ ಹೋಗುತ್ತದೆ, ಹಿಟ್ಟಾಗುತ್ತದೆ, ಅದರೊಳಗಿನ ಕೇಡೂ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ. ಬೀಜ ಹೋಗುವುದು ನೇರವಾಗಿ ಮಣ್ಣಿಗೆ. ನೀರು ಸಿಕ್ಕುತ್ತದೆ, ಬಿಸಿಲು ಸಿಕ್ಕುತ್ತದೆ. ಅದರೊಳಗೆ ಅಡಗಿದ ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಕ್ಕೂ ಅವೇ ಸವಲತ್ತುಗಳು ಸಿಕ್ಕುತ್ತವೆ. ಆದ್ದರಿಂದ ಬಿತ್ತನೆ ಬೀಜಕ್ಕೆ ತಪಾಸಣೆ ಬಿಗಿ.

ಮಾದರಿ ತೆಗೆದ ಬೀಜವನ್ನು ಮೊದಲು ಹುಳುವಿಗಾಗಿ, ಮಣ್ಣಿಗಾಗಿ, ಕಳೆಯ ಬೀಜಕ್ಕಾಗಿ ನೋಡುತ್ತಾರೆ. ನಮ್ಮ ದೇಶದಿಂದ ಬರುವ ಸರಕಿನಲ್ಲಿ ಹಲವು ದೇಶಗಳು ವಿಶೇಷವಾಗಿ ಹೆದರುವುದು ಖಾಪ್ರಾ ಎಂಬ ಸಣ್ಣ ದುಂಬಿಗೆ. ಆಮೇಲೆ ಬ್ಲಾಟರ್ ಪರೀಕ್ಷೆ. ಶಾಯಿ ಹೀರುವ ಕಾಗದ ನಮ್ಮ ಕಚೇರಿಗಳಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಅದು ಇಲ್ಲಿ ಗಾಜಿನ ತಟ್ಟೆಯ ತಳದಲ್ಲಿ ಒದ್ದೆಯಾಗಿ ಕುಳಿತಿರುತ್ತದೆ. ಅದರ ಮೇಲೆ ಬೀಜಗಳನ್ನು ದೂರ ದೂರ ಇಟ್ಟು, 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಕೊಟ್ಟು, ಏಳು ದಿನ ಕಾದು, ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೂ ನೋಡುತ್ತಾರೆ. ಸಾಮಾನ್ಯವಾಗಿ 400 ಬೀಜ. ಅಮೆರಿಕ ಮೂಲದ ಸ್ಟೀವರ್ಟ್ ಬಾಡುರೋಗದ ಬ್ಯಾಕ್ಟೀರಿಯದಂಥದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ. ಹುಳುವಿಗೆ ಹೊಗೆ ಹಾಕಬೇಕಾದರೆ ಅದರಲ್ಲಿಯೂ ಎಚ್ಚರ ಬೇಕು. ಮಿಥೈಲ್ ಬ್ರೋಮೈಡ್ ಬೇಗ ಕೆಲಸ ಮಾಡುತ್ತದೆ, ಆದರೆ ತೇವವಿರುವ ಬೀಜದ ಮೊಳಕೆಯನ್ನೂ ಕೆಡಿಸಬಲ್ಲದು. ಫಾಸ್ಫೀನ್ ಬೀಜಕ್ಕೆ ಸೌಮ್ಯ, ಆದರೆ ಹಲವು ದಿನ ಮುಚ್ಚಿಡಬೇಕು. ಚೀಲಗಳನ್ನು ಪೇರಿಸುವ ಮರದ ಹಲಗೆಗೂ ವಿನಾಯಿತಿ ಇಲ್ಲ. ಅದರ ಒಳಮೈ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಬೆಂದು, ತೆನೆಯ ಚಿತ್ರದ ಮುದ್ರೆ ಒತ್ತಿಸಿಕೊಂಡಿರಬೇಕು.

“ಇವೆಲ್ಲ ಆದಾವು, ಕಾಕಾ. ತೊಡಕಿರುವುದು ಇಲ್ಲಿ” ಎಂದು ಅಧಿಕಾರಿ ಆ ದೇಶದ ಆಮದು ಪರವಾನಿಗೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು.

ನಮ್ಮ ಕಡತಗಳಲ್ಲಿ ‘ಷರಾ’ ಎಂಬ ಕಾಲಂ ಇರುವಂತೆ ಈ ಪ್ರಮಾಣಪತ್ರದಲ್ಲಿ ‘ಹೆಚ್ಚುವರಿ ಘೋಷಣೆ’ ಎಂಬ ಭಾಗವಿದೆ. ತರಿಸಿಕೊಳ್ಳುವ ದೇಶ ತನಗೆ ಯಾವ ರೋಗದ ಭಯವೆಂದು ತನ್ನ ಪರವಾನಿಗೆಯಲ್ಲಿ ಹೇಳುತ್ತದೆ. ಕಳುಹಿಸುವ ದೇಶ ಆ ಭಾಗದಲ್ಲಿ ಉತ್ತರ ಬರೆಯಬೇಕು. ಇಲ್ಲಿ ಕೇಳಿದ್ದು ಇದು: ಬೀಜದ ಬೆಳೆಯನ್ನು ಅದು ಬೆಳೆಯುತ್ತಿದ್ದಾಗಲೇ ಹೊಲದಲ್ಲಿ ಅಧಿಕೃತವಾಗಿ ತಪಾಸಣೆ ಮಾಡಲಾಗಿದೆ, ಅದರಲ್ಲಿ ಕೇದಿಗೆ ರೋಗ ಕಂಡಿಲ್ಲ. ಕೇದಿಗೆ ರೋಗವೆಂದರೆ ಎಲೆಗಳು ಬಿಳಿಚಿ, ಕಿರಿದಾಗಿ, ಕೇದಿಗೆಯ ಗರಿಯಂತೆ ನೆಟ್ಟಗೆ ನಿಲ್ಲುವ ಕಾಯಿಲೆ. ನಮ್ಮ ಕರ್ನಾಟಕದ ಜೋಳ, ಗೋವಿನಜೋಳಗಳಿಗೆ ಹಳೆಯ ಶತ್ರು.

ಕಂಪನಿಯವರು ಪರವಾನಿಗೆಯ ಆ ಸಾಲನ್ನು ಓದಿದ್ದು ಕೊಯ್ಲಾದ ಮೇಲೆ. ಜೂನ್‌ನಲ್ಲಿ ಬಿತ್ತಿದ ಬೆಳೆ ನವೆಂಬರಿಗೆ ಕಣ ಸೇರಿತ್ತು. ಫೆಬ್ರವರಿಯಲ್ಲಿ ಹೊಲಕ್ಕೆ ಯಾರು ಹೋಗಿ ಏನು ನೋಡುತ್ತಾರೆ? ಅಲ್ಲಿ ಕೂಳೆಯೂ ಉಳಿದಿರಲಿಲ್ಲ. ಚೆನ್ನಾಗಿ ಒಣಗಿಸಿದ ಬೀಜದಿಂದ ಈ ರೋಗ ಹರಡುವುದು ಅಪರೂಪವೆಂಬುದನ್ನು ಅಧಿಕಾರಿ ತಾವಾಗಿಯೇ ಹೇಳಿದರು. “ಆದರೆ ಷರತ್ತು ಅವರದು. ನಾವು ಕಂಡದ್ದನ್ನು ಮಾತ್ರ ಬರೆಯಬಹುದು. ಕಾಣದ ಬೆಳೆಯನ್ನು ಕಂಡೆವೆಂದು ಬರೆಯುವುದು ಹೇಗೆ? ಹೊಲ ತಪಾಸಣೆಯ ಬದಲಿಗೆ ಬೇರೆ ಪರೀಕ್ಷೆ ಒಪ್ಪುವಿರಾ ಎಂದು ನಿಮ್ಮ ಖರೀದಿದಾರರು ತಮ್ಮ ಇಲಾಖೆಯನ್ನು ಕೇಳಲಿ. ಅವರು ಪರವಾನಿಗೆ ಬದಲಿಸಿದರೆ ನಮ್ಮದೇನೂ ಅಡ್ಡಿಯಿಲ್ಲ” ಎಂದರು. ಗುಮಾಸ್ತರಾದ ನಮಗೆ ಅದಕ್ಕೆ ಎದುರು ಹೇಳಲು ಒಂದು ಮಾತೂ ತೋಚಲಿಲ್ಲ.

ಹೊರಗೆ ಬಂದು ರಸ್ತೆಯ ಬದಿಯಲ್ಲಿ ಕಟಿಂಗ್ ಚಹಾ ಕುಡಿಯುತ್ತ ನಿಂತೆವು. ನಮ್ಮ ಮಾತು ಕಿವಿಗೆ ಬಿದ್ದಿತೋ ಏನೋ, ಪಕ್ಕದಲ್ಲಿ ನಿಂತಿದ್ದ ಅಪರಿಚಿತನೊಬ್ಬ ಹತ್ತಿರ ಸರಿದು, ಇದಕ್ಕೆ ಅಷ್ಟೊಂದು ಚಿಂತೆ ಏಕೆಂದು ಹಿಂದಿಯಲ್ಲಿ ಕೇಳಿದ. ಊರಿನಲ್ಲಿ ಯಾರಾದರೂ ಕೃಷಿಯವರಿಂದ ಹೊಲ ನೋಡಿದ್ದಾಗಿ ಒಂದು ಪತ್ರ ತರಿಸಿ, ಆಗಸ್ಟ್ ತಿಂಗಳ ತಾರೀಖು ಹಾಕಿಸಿದರೆ ಸಾಕು, ಮುಂದಿನದನ್ನು ತಾನು ನೋಡಿಕೊಳ್ಳುವೆನೆಂದ. ಖರ್ಚು ಇಷ್ಟಾಗುತ್ತದೆ ಎಂದೂ ಹೇಳಿದ.

ಇಲ್ಲಿ ನಮ್ಮ ತಪ್ಪೊಪ್ಪಿಗೆ. ಹಿಂದಿನ ತಾರೀಖು ಎಂಬ ಮಾತು ಕೇಳಿ ನಾವು ಸಿಡಿದೇಳಲಿಲ್ಲ. ಮದುವೆಯ ಛತ್ರಕ್ಕೆ ಕೊಟ್ಟ ಮುಂಗಡ ನೆನಪಾಯಿತು, ನಲವತ್ತು ಮನೆಗಳು ನೆನಪಾದವು. ಹೇಗೂ ಒಣಗಿದ ಬೀಜ, ಹೇಗೂ ಹರಡುವುದು ಅಪರೂಪ, ಒಂದು ತಾರೀಖಿನಿಂದ ಯಾರಿಗೇನು ನಷ್ಟ ಎಂದು ಮನಸ್ಸು ಲೆಕ್ಕ ಹಾಕತೊಡಗಿತ್ತು. ವರ್ಷಗಟ್ಟಲೆ ಕಡತ ನೋಡಿದವನ ಮನಸ್ಸಿಗೆ ಇಂಥ ಲೆಕ್ಕ ಬಲು ಬೇಗ ಬರುತ್ತದೆ. ಮಾವನವರಿಗೆ ಹಿಂದಿ ಅಷ್ಟಾಗಿ ತಿಳಿಯದು. “ಏನಂತಾನಂವಾ?” ಎಂದರು. ಮುಚ್ಚುಮರೆ ಮಾಡದೆ ಹೇಳಿದೆವು. ಅವರು ಚಹಾದ ಗ್ಲಾಸು ಕೆಳಗಿಟ್ಟು, “ನಡಿ, ಸಮುದ್ರ ನೋಡೂಣು” ಎಂದರು.

ಜೆಟ್ಟಿಯ ಹತ್ತಿರ ಇಳಿತದ ಸಮಯ. ಕೆಸರಿನ ಬಯಲು ದೂರದವರೆಗೆ ಬಿಚ್ಚಿಕೊಂಡಿತ್ತು. ಅದರ ಮೇಲೆ ರಾಜಹಂಸಗಳು. ಇಂಗ್ಲಿಷಿನಲ್ಲಿ ಫ್ಲೆಮಿಂಗೊ ಎನ್ನುತ್ತಾರಲ್ಲ, ಅವೇ. ಪ್ರತಿ ಚಳಿಗಾಲ ಸಾವಿರಾರು ಹಕ್ಕಿಗಳು, ಬಹಳಷ್ಟು ಕಚ್ಛದ ರಣದ ಕಡೆಯಿಂದ, ಶಿವಡಿಯ ಈ ಕೆಸರಿಗೆ ಬರುತ್ತವೆ. ತಲೆ ಕೆಳಗೆ ಮಾಡಿ ಕೆಸರು ಸೋಸುತ್ತ, ತಿಳಿಗೆಂಪು ಬಣ್ಣದ ಒಂದು ಗೆರೆಯಾಗಿ ನಿಂತಿದ್ದವು. ಹಿಂದೆ ಹೊಸ ಸೇತುವೆ. ಮಾವನವರು ಬಹಳ ಹೊತ್ತು ನೋಡಿದರು.

“ಇವಕ ಯಾರೂ ಕಾಗದ ಕೇಳೂದಿಲ್ಲ ನೋಡು” ಎಂದು ನಾವು ನಗಿಸಲು ನೋಡಿದೆವು. ಅವರು ನಗಲಿಲ್ಲ.

“ತಮ್ಮಾ, ಆ ಸಾಹೇಬ ಬೆಳಿ ನೋಡಿಲ್ಲ. ನಾ ನೋಡೀನಿ. ಕೇದಿಗಿ ಬಿದ್ದಿತ್ತು.”

ನಾವು ಸುಮ್ಮನಾದೆವು.

“ಭಾಳ ಅಲ್ಲ. ಮ್ಯಾಲಿನ ಹೊಲದಾಗ ಅಲ್ಲೊಂದು ಇಲ್ಲೊಂದು. ಕಿತ್ತು ಕಿತ್ತು ಬದುವಿಗೆ ಒಗದೆ. ಕಂಪನಿಯವರು ಕೇಳಲಿಲ್ಲ, ನಾ ಹೇಳಲಿಲ್ಲ. ಈಗ ಇಲ್ಲೇ ಇಲ್ಲ ಅಂತ ಬರಸಿದ್ರ ಅದು ಸುಳ್ಳಾಗತೈತಿ. ತಾರೀಖಿನ ಸುಳ್ಳಲ್ಲ, ಖರೇ ಸುಳ್ಳು.”

ಸ್ವಲ್ಪ ತಡೆದು ಮತ್ತೆ ಅಂದರು: “ಆ ಸೈನಿಕ ಹುಳ ನಮ್ಮ ಹೊಲಕ್ಕ ಬಂದಾಗ ನೀ ಊರಿಗೆ ಬಂದಿದ್ದಿ. ಸುಳಿಯೊಳಗ ಕುಂತು ತಿಂತಿತ್ತು. ಅದು ಯಾವ ದೇಶದ್ದೋ, ಯಾರು ಬಿಟ್ರೋ, ನಮಗೇನು ಗೊತ್ತು? ಬೈದೆವು ಅಷ್ಟ. ನಾಳೆ ಆ ದೇಶದ ರೈತ ನಮ್ಮನ್ನ ಹಂಗ ಬೈಬಾರ್ದು.”

ಅವರು ಹೇಳಿದ್ದು ನಮ್ಮ ಕಣ್ಣಾರೆ ಕಂಡ ಕಥೆ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಅದನ್ನು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲಿಯೇ, ಗೋವಿನಜೋಳದ ಮೇಲೆ. ಒಂದೆರಡು ವರ್ಷಗಳಲ್ಲಿ ದೇಶದ ಬಹುಭಾಗಕ್ಕೆ ಹಬ್ಬಿತು. ಅದು ಬೀಜದೊಳಗೆ ಬರುವ ಹುಳುವಲ್ಲ, ಪತಂಗವಾಗಿ ನೂರಾರು ಮೈಲಿ ಹಾರಬಲ್ಲದು. ಆದರೂ ದೂರದೇಶದ ಕೇಡು ನಮ್ಮ ಹೊಲಕ್ಕೆ ಬಂದರೆ ಏನಾಗುತ್ತದೆಂದು ಹಾವೇರಿ, ದಾವಣಗೆರೆಯ ರೈತರಿಗೆ ಅದು ಕಲಿಸಿಬಿಟ್ಟಿತು. ಇನ್ನೊಂದು ಹಳೆಯ ಸಾಕ್ಷಿ ನಮ್ಮ ಊರುಗಳ ಬೇಲಿಬದಿಯಲ್ಲಿ ಬಿಳಿಯ ಹೂ ಬಿಟ್ಟು ನಿಂತಿದೆ. ಅದು ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಅದನ್ನು ಪುಣೆಯಲ್ಲಿ ಗಮನಿಸಿದ್ದು 1955ರಲ್ಲಿ. ಹೊರಗಿನಿಂದ ತರಿಸಿದ ಗೋಧಿಯೊಡನೆ ಬಂದಿತೆಂದು ಸಾಮಾನ್ಯ ನಂಬಿಕೆ. ಒಂದು ಚೀಲದ ಮೂಲೆಯಲ್ಲಿ ಕುಳಿತು ಬಂದದ್ದನ್ನು ಮೂರು ತಲೆಮಾರು ಕಿತ್ತರೂ ಮುಗಿದಿಲ್ಲ.

ಚಹಾದಂಗಡಿಯ ಮನುಷ್ಯ ನಮಗಾಗಿ ಕಾದಿದ್ದನೋ ಇಲ್ಲವೋ ಗೊತ್ತಿಲ್ಲ. ನಾವು ಬೇರೆ ದಾರಿಯಿಂದ ನಿಲ್ದಾಣಕ್ಕೆ ಬಂದೆವು. ಬರುವಾಗ ಗಾಡಿಯಲ್ಲಿ ಇಬ್ಬರಿಗೂ ಮಾತಿರಲಿಲ್ಲ. ಮಾವನವರಿಗೆ ಹಣದ ಚಿಂತೆ. ನಮಗೆ ಅದರ ಜೊತೆಗೆ ಸ್ವಲ್ಪ ನಾಚಿಕೆ.

ಮುಂದೆ ನಡೆದದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಖರೀದಿದಾರರು ಕೇಳಿ ನೋಡಿದರು. ಆ ದೇಶದವರು ಷರತ್ತು ಬದಲಿಸಲಿಲ್ಲ. ಕಂಪನಿ ಆ ಬೀಜವನ್ನು ಇಲ್ಲಿಯೇ, ನಮ್ಮ ದೇಶದ ಪೇಟೆಯಲ್ಲಿ, ಕಡಿಮೆ ಬೆಲೆಗೆ ಮಾರಿತು. ರೈತರ ಬಾಕಿ ತಡವಾಗಿ ಬಂದಿತು, ಪೂರ್ತಿ ಬರಲಿಲ್ಲ. ಮದುವೆ ಗೊತ್ತಾದ ಮುಹೂರ್ತದಲ್ಲಿಯೇ ಆಯಿತು, ಆದರೆ ಛತ್ರ ಬಿಟ್ಟು ಊರ ಗುಡಿಯ ಮುಂದಿನ ಚಪ್ಪರದಲ್ಲಿ ಆಯಿತು. ನಾವು ಪ್ರಾವಿಡೆಂಟ್ ಫಂಡಿನಿಂದ ಸ್ವಲ್ಪ ತೆಗೆದು ಕಳುಹಿಸಿದೆವು. ಮಾವನವರು ಅದನ್ನು ಬಡ್ಡಿಯಿಲ್ಲದ ಕೈಗಡವೆಂದು ಬರೆದಿಟ್ಟುಕೊಂಡಿದ್ದಾರೆ.

ಆ ವರ್ಷದ ಮುಂಗಾರಿಗೆ ಮಾತ್ರ ಕಂಪನಿಯವರು ಆಮದು ಪರವಾನಿಗೆಯನ್ನು ಬಿತ್ತನೆಗೆ ಮೊದಲೇ ತರಿಸಿ, ಕನ್ನಡದಲ್ಲಿ ಬರೆಸಿ, ರೈತರಿಗೆ ಓದಿ ಹೇಳಿದರು. ಹೊಲ ತಪಾಸಣೆಗೆ ಮುಂಚಿತವಾಗಿ ಅರ್ಜಿ ಹಾಕಿದರು. ಬಿತ್ತುವ ಮೂಲಬೀಜಕ್ಕೆ ಕೇದಿಗೆ ತಡೆಯುವ ಮೆಟಲಾಕ್ಸಿಲ್ ಔಷಧಿಯ ಉಪಚಾರವಾಯಿತು. ಬೆಳೆ ಮೊಣಕಾಲೆತ್ತರ ಇದ್ದಾಗ ಒಮ್ಮೆ, ಸೂಲಂಗಿ ಬರುವಾಗ ಇನ್ನೊಮ್ಮೆ ತಪಾಸಣೆಯವರು ಬಂದು ಸಾಲು ಸಾಲು ನಡೆದರು. ಮಾವನವರ ಮೇಲಿನ ಹೊಲದಲ್ಲಿ ಮತ್ತೆ ಎರಡು ಗಿಡ ಕೇದಿಗೆ ಕಂಡಿತು. ಆ ಹೊಲವನ್ನು ರಫ್ತಿನ ಲೆಕ್ಕದಿಂದ ಬಿಟ್ಟರು. ಕೆಳಗಿನ ಹೊಲ ಉಳಿಯಿತು. ಆ ಬೀಜ 2025ರ ಆರಂಭದಲ್ಲಿ ಹಡಗು ಹತ್ತಿತು. ಪ್ರಮಾ‍ಣಪತ್ರದ ಪ್ರತಿಯನ್ನು ಕಂಪನಿಯವರು ಮಾವನವರ ಮೊಬೈಲಿಗೆ ಕಳುಹಿಸಿದ್ದರು. ಅವರು ನಮಗೆ ಕಳುಹಿಸಿ, ಕೂಡಲೇ ಫೋನ್ ಮಾಡಿ, “ಅದರಾಗ ನಮ್ಮ ಊರಿನ ಹೆಸರು ಐತೇನು, ಓದಿ ಹೇಳು” ಎಂದರು. ಊರಿನ ಹೆಸರಿರಲಿಲ್ಲ, ಕರ್ನಾಟಕವೆಂದಿತ್ತು. “ಅಷ್ಟಾದ್ರ ಸಾಕು” ಎಂದರು.

ನಾವು ಹದಿನಾಲ್ಕು ವರ್ಷ ಕಾಗದಗಳ ನಡುವೆ ಇದ್ದರೂ ಕಾಗದವೆಂದರೆ ಕಚೇರಿಯಲ್ಲಿ ಹುಟ್ಟುವುದೆಂದೇ ತಿಳಿದಿದ್ದೆವು. ಈ ಕಾಗದ ಹುಟ್ಟಬೇಕಾದದ್ದು ಜುಲೈ ತಿಂಗಳ ಕೆಸರಿನಲ್ಲಿ, ಮೊಣಕಾಲೆತ್ತರದ ಪೈರಿನ ನಡುವೆ. ಶಿವಡಿಯಲ್ಲಿ ಅದಕ್ಕೆ ಸಹಿ ಬೀಳುತ್ತದೆ, ಅಷ್ಟೆ.

ಕಡೆಗೆ ನಮ್ಮ ಓದುಗ ಸೋದರ ಸೋದರಿಯರಿಗೆ ಒಂದು ಬಿನ್ನಹ. ನಮ್ಮಲ್ಲಿ ಅನೇಕರ ಮಕ್ಕಳು, ತಂಗಿಯರು, ತಮ್ಮಂದಿರು ಪರದೇಶಗಳಲ್ಲಿದ್ದಾರೆ. ಅವರನ್ನು ನೋಡಲು ಹೋಗುವಾಗ ಪೆಟ್ಟಿಗೆಯ ಮೂಲೆಯಲ್ಲಿ ಅವರೆಯ ಬೀಜ, ತುಳಸಿಯ ಬೀಜ, ಹೀರೆಯ ಬೀಜದ ಪೊಟ್ಟಣ ಸೇರಿಸುವ ಅಭ್ಯಾಸ ನಮಗೆಲ್ಲ ಉಂಟು. ಅಲ್ಲಿಂದ ಬರುವಾಗ ಚೆಂದದ ಹೂವಿನ ಬೀಜ, ಗಡ್ಡೆ ತರುವುದೂ ಉಂಟು. ಕಂಟೇನರಿಗೆ ಇರುವ ನಿಯಮ ಪೊಟ್ಟಣಕ್ಕೂ ಇದ್ದೀತು. ಆಯಾ ದೇಶದ ಕಟ್ಟಳೆಯನ್ನು ಮೊದಲು ವಿಚಾರಿಸಬೇಕು, ಬೇಕಾದ ಪರವಾನಿಗೆ, ಪ್ರಮಾಣಪತ್ರ ಪಡೆದೇ ಒಯ್ಯಬೇಕು, ವಿಮಾನ ನಿಲ್ದಾಣದಲ್ಲಿ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು.

ನಮ್ಮ ಮನೆಯಾಕೆ ಕಳೆದ ಬೇಸಗೆಯಲ್ಲಿ ಅಮೆರಿಕದ ತಂಗಿಯ ಮನೆಗೆ ಹೊರಟಾಗ ಊರಿನ ಅವರೆಬೀಜದ ಗಂಟನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅಂದು ಮಾವನವರು ನಮ್ಮ ಮನೆಯಲ್ಲಿದ್ದರು. ಗಂಟನ್ನು ಹೊರಗೆ ತೆಗೆದು, “ಬೀಜ ಬ್ಯಾಡವ್ವಾ. ಶೇಂಗಾ ಚಟ್ನಿ ಒಯ್ಯಿ” ಎಂದರು. ಆ ಅವರೆಯನ್ನು ಮನೆಯಾಕೆ ನಮ್ಮ ಡೊಂಬಿವಲಿಯ ಬಾಲ್ಕನಿಯ ಕುಂಡದಲ್ಲಿ ಊರಿದಳು. ಬಳ್ಳಿ ಈಗ ಮೇಲಿನ ಮನೆಯವರ ಕಂಬಿಯವರೆಗೆ ಹೋಗಿದೆ. ಅವರೂ ಕಾಯಿ ಕಿತ್ತುಕೊಳ್ಳುತ್ತಾರೆ. ಆ ರಫ್ತಿಗೆ ಮಾತ್ರ ನಾವು ಕಾಗದ ಕೇಳಿಲ್ಲ.